ಆ ಉಸಿರನ್ನು ಯಾಕೆ ಅಳಿಸಿದಿರಿ?

ಆಲ್ಬಂ ಹೊರತಂದ ಮ್ಯೂಸಿಕ್ ಕಂಪನಿಯವರಿಗೆ,

ನಮಸ್ಕಾರ.

ನಾನು ವಿಮರ್ಶಕನಲ್ಲ. ನನಗೆ ಹಾಡಲು ಬರುವುದಿಲ್ಲ, ಒಂದು ವಾದ್ಯವೂ ಕೈಗೆ ಹತ್ತಲಿಲ್ಲ. ಕೇಳುವುದೊಂದು ಗೊತ್ತು, ಅದನ್ನು ಮಾತ್ರ ಬಿಡದೆ ಮಾಡಿಕೊಂಡು ಬಂದಿದ್ದೇನೆ. ಕಳೆದ ಶುಕ್ರವಾರ ನೀವು ಬಿಡುಗಡೆ ಮಾಡಿದ ಆಲ್ಬಂನ ಗಾಯಕಿಯನ್ನು 5 ವರ್ಷದಿಂದ ಕೇಳುತ್ತಿದ್ದೇನೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಓದಿದರೆ ನಿಮಗೆ ಗೊತ್ತಾಗುತ್ತದೆ. ಬೇರೆ ಯಾವುದಾದರೂ ಕಂಪನಿಯವರು ಓದಿ ‘ಇದು ನಮಗೇ ಬರೆದದ್ದು’ ಅಂದುಕೊಂಡರೆ ಅವರೂ ಇಟ್ಟುಕೊಳ್ಳಲಿ.

ಹೊಸ ಆಲ್ಬಂಗಳು ಜಗತ್ತಿನ ಬಹುಪಾಲು ಕಡೆ ಶುಕ್ರವಾರವೇ ಬರಬೇಕೆಂದು ಸಂಗೀತ ಉದ್ಯಮದವರು 2015ರಲ್ಲಿ ಗೊತ್ತು ಮಾಡಿಕೊಂಡರಲ್ಲ, ಅಲ್ಲಿಂದ ಗುರುವಾರ ರಾತ್ರಿ ನಮ್ಮಂಥವರಿಗೆ ನಿದ್ದೆ ಕಡಿಮೆ. ಆವತ್ತೂ ಅಷ್ಟೇ. ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ಗಂಟೆ ಹನ್ನೆರಡಾಗುವುದನ್ನೇ ಕಾಯುತ್ತಿದ್ದೆ. 13 ಹಾಡು, 36 ನಿಮಿಷ. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಸುಮ್ನೆ ಕೂತೆ. ಬೇಜಾರು ಆಮೇಲೆ ಬಂತು. ಮೊದಲು ಬಂದದ್ದು ಅನುಮಾನ. ಹಾಡಿದ್ದು ಅವರೇನಾ?

ನನ್ನ ತಕರಾರು ಏನೆಂದು ಒಂದೇ ಒಂದು ಹಾಡು ಹಿಡಿದುಕೊಂಡು ಹೇಳುತ್ತೇನೆ.

ಅವರು ಮನೆಯಲ್ಲೇ ರೆಕಾರ್ಡ್ ಮಾಡಿ ಹಾಕಿದ್ದ 6 ಹಾಡುಗಳಲ್ಲಿ ಅದು ಎರಡನೆಯದು. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಸೈಕಲ್ ಮಾರಿದ ಹಾಡು. ಗಿಟಾರ್‌ನಿಂದ ಶುರುವಾಗುತ್ತದೆ. 38 ಸೆಕೆಂಡ್ ಬರೀ ಗಿಟಾರ್. ತಂತಿಯ ಮೇಲೆ ಬೆರಳು ಜಾರುವ ಸದ್ದೂ ಅದರಲ್ಲಿದೆ. ಆಮೇಲೆ ದನಿ. ಮೊದಲ ಚರಣ, ಪಲ್ಲವಿ, ಅದಾದ ಮೇಲೆ ಸಣ್ಣದೊಂದು ಬಿಡುವು. ಆ ಬಿಡುವಿನಲ್ಲಿ ಕುರ್ಚಿ ಒಮ್ಮೆ ಕಿರುಗುಟ್ಟುತ್ತದೆ. ಅವರು ಉಸಿರೆಳೆದುಕೊಳ್ಳುತ್ತಾರೆ. ಪೂರ್ತಿ ಎಳೆದುಕೊಳ್ಳುವುದಿಲ್ಲ, ಅರ್ಧಕ್ಕೇ ಹಿಡಿದುಬಿಡುತ್ತಾರೆ. ಅಳು ಬರುವ ಮುಂಚೆ ಎಲ್ಲರೂ ಹಾಗೇ ಮಾಡುವುದು. ಎರಡನೇ ಚರಣ ಶುರುವಾಗುವಾಗ ಲಯ ಒಂಚೂರು ನಿಧಾನವಾಗಿರುತ್ತದೆ. ಸೈಕಲ್ ಬೆಲ್ಲಿನ ಮಾತು ಬರುವ ಕಡೆ ದನಿ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ ಬಿದ್ದು, ತಡವರಿಸಿ, ಮೇಲೆ ಹತ್ತುತ್ತದೆ. ಮೂರನೇ ಚರಣದಲ್ಲಿ ಸೈಕಲ್ ಕೊಂಡ ಹುಡುಗ ಬರುತ್ತಾನೆ. ಅವನಿಗೆ ಕಾಲು ಎಟುಕುವುದಿಲ್ಲ. ಸೀಟು ಇಳಿಸಿಕೊಡುತ್ತಾರೆ. ಅಷ್ಟಕ್ಕೇ ಹಾಡು ಮುಗಿಯುತ್ತದೆ. ಒಟ್ಟು 4 ನಿಮಿಷ 52 ಸೆಕೆಂಡ್.

ಈ ಹಾಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಾತು ಮರೆತರೂ ಆ ಉಸಿರು ಬರುವ ಜಾಗ ಮರೆಯುವುದಿಲ್ಲ. ಬಸ್ಸಿನಲ್ಲಿ ಕೇಳುತ್ತಿದ್ದರೆ ಆ ಜಾಗ ಬಂದಾಗ ನಾನೂ ಉಸಿರು ಹಿಡಿಯುತ್ತಿದ್ದೆ. ನಗಬೇಡಿ.

ನಿಮ್ಮ ಆಲ್ಬಂನಲ್ಲಿ ಅದೇ ಹಾಡು ಏಳನೆಯದು. 2 ನಿಮಿಷ 41 ಸೆಕೆಂಡ್. ಪಲ್ಲವಿಯಿಂದಲೇ ಶುರು. ಗಿಟಾರ್ ಎಲ್ಲೋ ಕೆಳಗೆ ಹೂತುಹೋಗಿದೆ, ಮೇಲೆ ಡ್ರಮ್ ಮಷಿನ್ ಕುಣಿಯುತ್ತಿದೆ. ಅಪ್ಪ ಇಲ್ಲ, ಅಪ್ಪ ಇದ್ದ ಕಡೆ ‘ನೀನು’ ಬಂದಿದೆ. ಪ್ರೇಮಗೀತೆ ಅಂದುಕೊಂಡರೂ ನಡೆಯುತ್ತದೆ ಈಗ. ಸೈಕಲ್ ಇಲ್ಲ, ಹುಡುಗ ಇಲ್ಲ. ಮೂರನೇ ಚರಣಕ್ಕೆ ಬದಲು ‘ಓ ಓ’ ಎಂದು ಗುಂಪು ಕೂಗು. ಎರಡನೇ ಚರಣದ ಮುಂಚಿನ ಬಿಡುವು ಹೋಗಿದೆ. ಉಸಿರೂ ಹೋಗಿದೆ.

ಅದು ಯಾಕೆ ಹೋಯಿತು ಎಂದು ತಿಳಿದುಕೊಳ್ಳಲು ನಾನು ಸ್ವಲ್ಪ ಓದಿದೆ, ರೆಕಾರ್ಡಿಂಗ್ ಕೆಲಸ ಗೊತ್ತಿರುವ ಗೆಳೆಯನೊಬ್ಬನನ್ನೂ ಕೇಳಿದೆ. ಅವನು ಹೇಳಿದ್ದು ನನಗೆ ಹೊಸದು. ಸ್ಟುಡಿಯೋದಲ್ಲಿ ಒಂದು ಹಾಡನ್ನು ಒಂದೇ ಸಲ ಹಾಡಿಸಿ ಬಿಡುವುದಿಲ್ಲವಂತೆ. ಹತ್ತಾರು ಸಲ ಹಾಡಿಸುತ್ತಾರೆ. ಆಮೇಲೆ ಕೂತು, ಈ ಸಾಲು ಮೂರನೇ ಸಲದ್ದು, ಆ ಪದ ಒಂಬತ್ತನೇ ಸಲದ್ದು, ಆ ಪದದ ಕೊನೆ ಮಾತ್ರ ಹನ್ನೊಂದನೇ ಸಲದ್ದು ಎಂದು ಆರಿಸಿ ಜೋಡಿಸುತ್ತಾರೆ. ಇದಕ್ಕೆ ಕಾಂಪಿಂಗ್ ಅನ್ನುತ್ತಾರೆ. ಎಲ್ಲರೂ ಮಾಡುವ ಕೆಲಸ, ತಪ್ಪೇನಿಲ್ಲ. ಆದರೆ ಮೂರನೇ ಸಲದ ಸಾಲಿಗೂ ಒಂಬತ್ತನೇ ಸಲದ ಸಾಲಿಗೂ ನಡುವೆ ಇರುವ ಉಸಿರು ಯಾವ ಸಲದ್ದು? ಯಾವುದಕ್ಕೂ ಸೇರುವುದಿಲ್ಲ. ಹಾಗಾಗಿ ಕತ್ತರಿಸುತ್ತಾರೆ. ಉಸಿರನ್ನು ಹುಡುಕಿ ತಗ್ಗಿಸುವುದಕ್ಕೆಂದೇ ಸಾಫ್ಟ್‌ವೇರ್ ಇದೆ ಅಂತಲೂ ಹೇಳಿದ. ಇನ್ನು ಲಯ. ಹಾಡುವವರ ಕಿವಿಯಲ್ಲಿ ಟಿಕ್ ಟಿಕ್ ಅಂತ ಒಂದು ಕ್ಲಿಕ್ ಓಡುತ್ತಿರುತ್ತದೆ. ಇಡೀ ಹಾಡು ಅದೇ ವೇಗದಲ್ಲಿ. ಗಂಟಲು ಕಟ್ಟಿ ಒಂದು ಗಳಿಗೆ ತಡವಾದರೆ ಆ ಕ್ಲಿಕ್ ಕಾಯುವುದಿಲ್ಲ.

ಗೆಳೆಯ ಹೇಳಿದ್ದು ಕೇಳಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಅವರ ಉಸಿರನ್ನು ಯಾರೂ ಬೇಕೆಂದು ಕಿತ್ತುಹಾಕಿಲ್ಲ. ಆ ಕೋಣೆಯಲ್ಲಿ ‘ಇದೊಂದನ್ನು ಹಾಗೇ ಬಿಡೋಣ’ ಎಂದು ಹೇಳುವವರು ಯಾರೂ ಇರಲಿಲ್ಲ, ಅಷ್ಟೇ. ನನಗೆ ಇದೇ ಜಾಸ್ತಿ ಬೇಜಾರು ತಂದದ್ದು.

ಪಲ್ಲವಿಯಿಂದಲೇ ಶುರು ಮಾಡಿದ್ದಕ್ಕೆ ನಿಮ್ಮ ಹತ್ತಿರ ಲೆಕ್ಕ ಇದೆ, ಅದೂ ಗೊತ್ತು. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರೆ ಮಾತ್ರ ಒಂದು ಸಲ ಕೇಳಿದಂತೆ ಲೆಕ್ಕ. 38 ಸೆಕೆಂಡ್ ಗಿಟಾರ್ ಕೇಳಿಸಿದರೆ ದನಿ ಬರುವ ಮುಂಚೆಯೇ ಜನ ಮುಂದಕ್ಕೆ ತಳ್ಳಿಬಿಡುತ್ತಾರೆ ಎಂಬ ಹೆದರಿಕೆ ನಿಮ್ಮದು. ವ್ಯಾಪಾರ ಮಾಡುವವರ ಹೆದರಿಕೆ, ಅದನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಆ 38 ಸೆಕೆಂಡ್ ಕಾದವರೇ ಅಲ್ವಾ ಈ ಗಾಯಕಿಯನ್ನು ನಿಮ್ಮ ಬಾಗಿಲವರೆಗೆ ತಂದದ್ದು? ನೀವು ಅವರ ಜೊತೆ ಒಪ್ಪಂದ ಮಾಡಿಕೊಂಡದ್ದು ಆ ಮನೆಯ ರೆಕಾರ್ಡಿಂಗ್ ಕೇಳಿ, ಅದಕ್ಕೆ ಸೇರಿದ ಜನರನ್ನು ನೋಡಿ. ಮರ ನೋಡಿ ತೋಟ ಕೊಂಡು, ಮೊದಲ ದಿನವೇ ಮರ ಕಡಿದರೆ ಏನನ್ನಬೇಕು?

ಇನ್ನು ಶ್ರುತಿಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಶ್ರುತಿ ತಿದ್ದುವ ಆಟೋಟ್ಯೂನ್ ಎಂಬ ಸಾಫ್ಟ್‌ವೇರ್ ಬಂದದ್ದು 1997ರಲ್ಲಿ. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ತೈಲ ಹುಡುಕುವ ಕೆಲಸಕ್ಕೆ ಲೆಕ್ಕ ಮಾಡಿಕೊಡುತ್ತಿದ್ದ ಎಂಜಿನಿಯರ್. ನೆಲದೊಳಗೆ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಓದಿ, ಕೆಳಗೆ ಎಣ್ಣೆ ಇದೆಯೋ ಇಲ್ಲವೋ ಹೇಳುವ ಗಣಿತ ಅವರದು. ಅದೇ ಬಗೆಯ ಗಣಿತವನ್ನು ಮನುಷ್ಯನ ದನಿಗೆ ತಂದರು. ಹಾಡುವವರು ಸ್ವರ ತಪ್ಪಿದರೆ ಹತ್ತಿರದ ಸರಿಯಾದ ಸ್ವರಕ್ಕೆ ಎಳೆದು ಕೂರಿಸುವುದು ಅದರ ಕೆಲಸ. ಎಷ್ಟು ಬೇಗ ಎಳೆಯಬೇಕು ಎಂದು ಹೇಳಲು ಒಂದು ತಿರುಗುಗುಂಡಿ ಇದೆ. ನಿಧಾನಕ್ಕಿಟ್ಟರೆ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಸೊನ್ನೆಗಿಟ್ಟರೆ ದನಿ ಮೆಟ್ಟಿಲು ಹತ್ತಿದ ಹಾಗೆ ಟಕ್ ಟಕ್ ಎಂದು ಹಾರುತ್ತದೆ. 1998ರಲ್ಲಿ ಅಮೆರಿಕದ ಗಾಯಕಿ ಶೇರ್ ಅದನ್ನು ಬೇಕೆಂದೇ ಸೊನ್ನೆಗಿಟ್ಟು ಹಾಡಿದರು, ಜಗತ್ತೇ ಕುಣಿಯಿತು. ಆ ಸದ್ದು ಮಾಡಿದ್ದು ಹೇಗೆ ಎಂಬುದನ್ನು ನಿರ್ಮಾಪಕರು ಮೊದಮೊದಲು ಮುಚ್ಚಿಟ್ಟಿದ್ದರಂತೆ. ಆಗ ಅದು ಒಂದು ತಮಾಷೆ, ಒಂದು ಧೈರ್ಯ. ನನಗೂ ಇಷ್ಟ.

ಹಾಗಾಗಿ ನಾನು ಮಷಿನ್ ವಿರೋಧಿ ಅಂದುಕೊಳ್ಳಬೇಡಿ. ನಿಮ್ಮ ಆಲ್ಬಂನಲ್ಲಿ ಆದದ್ದು ಬೇರೆ. ಇಲ್ಲಿ ಗುಂಡಿ ಮಧ್ಯದಲ್ಲೆಲ್ಲೋ ನಿಂತಿದೆ. ಮಷಿನ್ ಎಂದು ಕುಣಿಯುವಷ್ಟೂ ಇಲ್ಲ, ಮನುಷ್ಯರು ಎಂದು ಕರಗುವಷ್ಟೂ ಇಲ್ಲ. ಬೆಲ್ಲಿನ ಮಾತು ಬರುತ್ತಿದ್ದ ಕಡೆ (ಈಗ ಅಲ್ಲಿ ‘ನಿನ್ನ ಹೆಸರು’ ಎಂದಿದೆ) ದನಿ ನೇರ ಸ್ವರದ ಮೇಲೇ ಬಂದು ಕೂರುತ್ತದೆ. ಕೆಳಗೆ ಬೀಳುವುದಿಲ್ಲ, ತಡವರಿಸುವುದಿಲ್ಲ. ಎರಡು ಸ್ವರಗಳ ನಡುವೆ ಜಾರುವ ದಾರಿಯಲ್ಲೇ ಹಾಡಿನ ಜೀವ ಇರುತ್ತದೆ ಎಂದು ಸಂಗೀತ ಕಲಿಯದ ನನಗೂ ಗೊತ್ತು. ಸ್ವರ ಮುಟ್ಟುವುದು ಆಮೇಲೆ. ಮುಟ್ಟುತ್ತಾರೋ ಇಲ್ಲವೋ ಎಂಬ ಆ ಒಂದು ಕ್ಷಣಕ್ಕೇ ನಾವು ಕಿವಿ ಕೊಟ್ಟು ಕೂರುವುದು. ಮುಟ್ಟೇ ಮುಟ್ಟುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ಕಿವಿ ಬೇರೆ ಕೆಲಸ ನೋಡಿಕೊಳ್ಳುತ್ತದೆ.

ಸದ್ದಿನ ಬಗ್ಗೆ ಎರಡೇ ಮಾತು. ಆಲ್ಬಂ ಪೂರ್ತಿ ಒಂದೇ ಎತ್ತರದಲ್ಲಿ ಕೂಗುತ್ತದೆ. ಮಾಸ್ಟರಿಂಗ್ ಎಂಬ ಕೊನೆಯ ಹದ ಮಾಡುವಾಗ ಪಿಸುಮಾತನ್ನು ಎತ್ತಿ, ಕೂಗನ್ನು ತುಳಿದು, ಎರಡನ್ನೂ ಒಂದೇ ಮಟ್ಟಕ್ಕೆ ತಂದಿದ್ದೀರಿ. ಬೇರೆ ಹಾಡುಗಳ ಮಧ್ಯೆ ಇದು ಜೋರಾಗಿ ಕೇಳಬೇಕು ಎಂಬ ಆಸೆ ಇರಬಹುದು. ಆದರೆ ಸ್ಪಾಟಿಫೈನಂಥ ಆ್ಯಪ್‌ಗಳು ಎಲ್ಲ ಹಾಡುಗಳನ್ನೂ ಸರಿಸುಮಾರು ಒಂದೇ ಮಟ್ಟಕ್ಕೆ, ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಸದ್ದಿನ ಜೋರಿನ ಅಳತೆಗೆ ತಂದು ಕೇಳಿಸುತ್ತವೆ. ನೀವು ಏರಿಸಿದ್ದನ್ನು ಅವರು ಇಳಿಸುತ್ತಾರೆ. ಜೋರು ಹೋಗುತ್ತದೆ, ತುಳಿದದ್ದು ಮಾತ್ರ ಹಾಗೇ ಉಳಿಯುತ್ತದೆ. ಇದು ಹಳೇ ಜಗಳ. 2008ರಲ್ಲಿ ಮೆಟಾಲಿಕಾ ಎಂಬ ರಾಕ್ ಬ್ಯಾಂಡಿನ ಆಲ್ಬಂ ಬಂದಾಗ ಅವರ ಅಭಿಮಾನಿಗಳೇ ಗಲಾಟೆ ಮಾಡಿದ್ದರು. ಗಿಟಾರ್ ಹೀರೋ ಎಂಬ ವಿಡಿಯೋ ಗೇಮ್‌ನಲ್ಲಿ ಅವೇ ಹಾಡುಗಳು ಅಷ್ಟು ತುಳಿಯದೆ, ಬಿಡಿಬಿಡಿಯಾಗಿ ಚೆನ್ನಾಗಿ ಕೇಳುತ್ತಿದ್ದವು. ದುಡ್ಡು ಕೊಟ್ಟು ತಂದ ಸಿಡಿಗಿಂತ ಆಟದ ಸಾಮಾನಿನಲ್ಲೇ ಚೆನ್ನಾಗಿದೆಯಲ್ಲ ಎಂದು ಸಾವಿರಾರು ಜನ ಸಹಿ ಹಾಕಿ ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಕೇಳಿದರು. ಕೇಳುವವರಿಗೆ ಗೊತ್ತಾಗುವುದಿಲ್ಲ ಎಂದು ಅಂದುಕೊಳ್ಳಬೇಡಿ, ಅಷ್ಟು ಹೇಳುವುದಕ್ಕೆ ಇದನ್ನು ನೆನೆಸಿದೆ.

ಸಾಹಿತ್ಯಕ್ಕೆ ಬರುತ್ತೇನೆ. ಹಳೆಯ 6 ಹಾಡುಗಳನ್ನೂ ಅವರೊಬ್ಬರೇ ಬರೆದಿದ್ದರು. ಹೊಸ 13 ಹಾಡುಗಳ ಕೆಳಗೆ ಬರೆದವರ ಹೆಸರು ಎಣಿಸಿದೆ. 29. ಒಂದು ಹಾಡಿಗೆ 7 ಜನ. ಈಗ ಹಾಡು ಬರೆಯಲು ಶಿಬಿರಗಳೇ ನಡೆಯುತ್ತವಲ್ಲ, ಒಂದು ಮನೆಯಲ್ಲಿ ನಾಲ್ಕು ದಿನ ಎಲ್ಲರನ್ನೂ ಕೂರಿಸಿ, ಕೋಣೆಗೊಂದು ಗುಂಪು ಮಾಡಿ, ಸಂಜೆಗೊಂದು ಹಾಡು. ಅಲ್ಲಿಂದಲೂ ಒಳ್ಳೆಯ ಹಾಡು ಬಂದಿವೆ. ಹತ್ತು ಜನ ಸೇರಿದರೆ ಹಾಡು ಕೆಡಲೇಬೇಕು ಎಂದೇನೂ ಇಲ್ಲ. ಆದರೆ 7 ಜನ ಒಪ್ಪುವ ಸಾಲು ಬೇಕು ಎಂದಾಗ ಮೊದಲು ಹೋಗುವುದು ಯಾರೋ ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿ. ಸೈಕಲ್ ಸೀಟು ಇಳಿಸಿದ್ದು ಅವರೊಬ್ಬರಿಗೇ ಗೊತ್ತಿತ್ತು. ಉಳಿದ 6 ಜನಕ್ಕೆ ಗೊತ್ತಿದ್ದದ್ದು ರಾತ್ರಿ, ಬೆಳಕು, ಮಳೆ, ನೀನು, ನಾನು. ಆಲ್ಬಂನಲ್ಲಿ ‘ಬೆಳಕು’ 11 ಹಾಡಿನಲ್ಲಿ ಬರುತ್ತದೆ. ಇಷ್ಟು ಬೆಳಕಿದ್ದೂ ಒಂದು ಮುಖ ಕಾಣುವುದಿಲ್ಲ.

ಬೈಯುವುದೇ ಆಯಿತು, ಒಳ್ಳೆಯದನ್ನೂ ಹೇಳಬೇಕಲ್ಲ. ಒಂಬತ್ತನೇ ಹಾಡು ಚೆನ್ನಾಗಿದೆ. ನಿಜವಾಗಲೂ. ಅದರಲ್ಲಿ ಡ್ರಮ್ ಜೋರಾಗಿಯೇ ಇದೆ, ಕೋರಸ್ ಇದೆ, ನಿಮ್ಮ ಎಲ್ಲ ಸಾಮಾನೂ ಇದೆ. ಆದರೆ ಮೊದಲ ಚರಣವನ್ನು ಅವರು ಮಾತಾಡಿದ ಹಾಗೆ, ಸ್ವಲ್ಪ ತುಂಟತನದಿಂದ ಹಾಡಿದ್ದಾರೆ. ಒಂದು ಕಡೆ ನಗು ತಡೆಯಲಾಗದೆ ಸಾಲು ಅಲುಗುತ್ತದೆ. ಅದನ್ನು ಯಾರೋ ಹಾಗೇ ಬಿಟ್ಟಿದ್ದಾರೆ. ಯಾರು ಬಿಟ್ಟರೋ ಅವರಿಗೆ ಕೈ ಮುಗಿಯುತ್ತೇನೆ. ಮುಂದಿನ ಆಲ್ಬಂಗೆ ಅವರನ್ನೇ ಕೂರಿಸಿ.

ಇದನ್ನು ಯಾಕೆ ಹೇಳಿದೆ ಅಂದರೆ, ‘ಇವರಿಗೆಲ್ಲ ಗಾಯಕಿ ದೊಡ್ಡವರಾಗುವುದು ಇಷ್ಟವಿಲ್ಲ, ತಮ್ಮ ಕೈಗೊಂಬೆಯಾಗಿಯೇ ಇರಲಿ ಎಂದು ಆಸೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿ ಸುಳ್ಳೂ ಇಲ್ಲ. ‘ನಾವು ಮೊದಲೇ ಕೇಳಿದ್ದೆವು’ ಎಂಬ ಜಂಬ ನನಗೂ ಇದೆ. ಮೂರು ವರ್ಷದ ಹಿಂದೆ ಅವರ ಹಾಡು ಒಂದು ಜಾಹೀರಾತಿನಲ್ಲಿ ಬಂದಾಗ ನನಗೆ ಖುಷಿಯ ಜೊತೆಗೆ ಸಣ್ಣ ಸಂಕಟವೂ ಆಗಿತ್ತು, ಯಾರೋ ನಮ್ಮ ಜಾಗದಲ್ಲಿ ಬಂದು ಕೂತ ಹಾಗೆ. ಅದು ನನ್ನ ಸಣ್ಣತನ, ಅದರ ಲೆಕ್ಕ ನಿಮ್ಮ ಮೇಲೆ ಹಾಕುವುದಿಲ್ಲ. ಅವರು ಲಕ್ಷಾಂತರ ಜನರಿಗೆ ಹಾಡಲಿ. ಚೆನ್ನಾಗಿ ಸಂಪಾದಿಸಲಿ. ಬಾಡಿಗೆ ಕಟ್ಟುವ ಯೋಚನೆ ಇಲ್ಲದೆ ಬರೆಯಲಿ.

ದೊಡ್ಡದಾಗುವುದಕ್ಕೂ ಉಸಿರು ಅಳಿಸುವುದಕ್ಕೂ ಸಂಬಂಧ ಏನು, ಅದು ನನ್ನ ಪ್ರಶ್ನೆ. ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಅವರ 2019ರ ಮೊದಲ ಆಲ್ಬಂ ಹೆಚ್ಚುಕಡಿಮೆ ಪೂರ್ತಿ ಮನೆಯ ಮಲಗುವ ಕೋಣೆಯಲ್ಲೇ ಆದದ್ದು. ಅಣ್ಣ ಫಿನಿಯಸ್ ಪಕ್ಕದಲ್ಲಿ ಕೂತು ಮಾಡಿದ್ದು. ಹಿಂದೆ ಇದ್ದದ್ದು ಇಂಟರ್‌ಸ್ಕೋಪ್‌ನಂಥ ದೊಡ್ಡ ಕಂಪನಿ. ಕಿವಿಯ ಹತ್ತಿರ ಬಂದು ಪಿಸುಗುಟ್ಟುವ ಹಾಡುಗಳು ಅವು, ನಗುವೂ ತೊದಲೂ ಅದರಲ್ಲೇ ಇದೆ. 2020ರ ಜನವರಿಯಲ್ಲಿ ಗ್ರ್ಯಾಮಿಯ ನಾಲ್ಕೂ ಮುಖ್ಯ ಪ್ರಶಸ್ತಿಗಳು ಅವರಿಗೇ ಬಂದವು. ಆಗ ಅವರಿಗೆ 18 ವರ್ಷ. ಪಿಸುಮಾತು ಮಾರಾಟವಾಗುವುದಿಲ್ಲ ಎಂದು ನಿಮಗೆ ಯಾರು ಹೇಳಿದರು?

ಇನ್ನೊಂದು ಹಳೆಯ ಕಥೆ ನಿಮ್ಮಂಥ ಕಂಪನಿಯವರಿಗೆ ಚೆನ್ನಾಗಿ ಗೊತ್ತಿರಬೇಕು. ಅಮೆರಿಕದ ಗಾಯಕಿ ಟೋರಿ ಏಮೋಸ್ 1988ರಲ್ಲಿ ಅಟ್ಲಾಂಟಿಕ್ ಕಂಪನಿಯಿಂದ ಒಂದು ಬ್ಯಾಂಡ್ ಕಟ್ಟಿಕೊಂಡು ಆಲ್ಬಂ ತಂದರು. ಆ ಕಾಲದ ಫ್ಯಾಷನ್ನಿನ ರಾಕ್ ಪಾಪ್, ಉಬ್ಬಿಸಿದ ಕೂದಲು. ಪಿಯಾನೋ ಮುಂದೆ ಕೂತರೆ ಬೇರೆಯೇ ಮನುಷ್ಯರಾಗುವವರು ಅವರು. ಆ ಆಲ್ಬಂನಲ್ಲಿ ಆ ಮನುಷ್ಯರು ಕಾಣಲಿಲ್ಲ. ಆಲ್ಬಂ ಬಿತ್ತು. ಆದರೆ ಕಂಪನಿ ಅವರನ್ನು ಬಿಡಲಿಲ್ಲ. 4 ವರ್ಷ ಬಿಟ್ಟು, 1992ರಲ್ಲಿ, ಪಿಯಾನೋ ಮತ್ತು ದನಿಯನ್ನೇ ಮುಂದಿಟ್ಟುಕೊಂಡು ಬಂದರು. ಇವತ್ತು ಜನ ನೆನೆಯುವುದು ಅದನ್ನು. ಅದೇ ಕಂಪನಿ, ಅದೇ ಗಾಯಕಿ.

ಬೇರೆ ದಾರಿಯೂ ಇದೆ. ಬ್ರಿಟನ್ನಿನ ಗಾಯಕಿ ರೇ ಚಿಕ್ಕ ವಯಸ್ಸಿನಲ್ಲೇ ದೊಡ್ಡ ಕಂಪನಿಯೊಂದರ ಜೊತೆ ಸಹಿ ಹಾಕಿದವರು. ಬೇರೆಯವರ ಕುಣಿತದ ಹಾಡುಗಳಿಗೆ ದನಿ ಕೊಡುತ್ತಲೇ ವರ್ಷಗಳು ಹೋದವು, ಅವರದೇ ಆಲ್ಬಂ ಬರಲಿಲ್ಲ. 2021ರಲ್ಲಿ ಅದನ್ನು ಬಹಿರಂಗವಾಗಿ ಹೇಳಿಕೊಂಡು ಹೊರಗೆ ಬಂದರು. 2023ರಲ್ಲಿ ತಮ್ಮದೇ ದಾರಿಯಲ್ಲಿ ಮೊದಲ ಆಲ್ಬಂ ತಂದರು. 2024ರ ಬ್ರಿಟ್ ಪ್ರಶಸ್ತಿಯಲ್ಲಿ ಒಂದೇ ರಾತ್ರಿ 6 ಪ್ರಶಸ್ತಿ ಬಂದವು, ಅದೊಂದು ದಾಖಲೆ. ಟೋರಿಯ ಕಥೆ, ರೇಯ ಕಥೆ, ಎರಡರಲ್ಲಿ ಯಾವುದು ನಿಮಗೆ ಬೇಕು ಎಂಬುದು ನಿಮಗೆ ಬಿಟ್ಟದ್ದು.

ಈಗ ನನ್ನ ಹಾಗೇ ಬೇಜಾರಾದ ಬೇರೆ ಕೇಳುಗರಿಗೆ ಒಂದು ಮಾತು. ಗಾಯಕಿಯನ್ನು ಬೈಯುವುದು ನಿಲ್ಲಿಸಿ. ‘ದುಡ್ಡಿಗೆ ಮಾರಿಕೊಂಡರು’ ಎಂದು ಬರೆಯುತ್ತಿದ್ದೀರಲ್ಲ, ಅದನ್ನು ಓದಿ ನನಗೇ ನಾಚಿಕೆಯಾಯಿತು. 2003ರಲ್ಲಿ ಅಮೆರಿಕದ ಗಾಯಕಿ ಲಿಜ್ ಫೇರ್ ಸ್ವಲ್ಪ ಪಾಪ್ ಕಡೆ ವಾಲಿದ ಆಲ್ಬಂ ತಂದಾಗ ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ವೆಬ್‌ಸೈಟ್ ಹತ್ತಕ್ಕೆ 0.0 ಅಂಕ ಕೊಟ್ಟಿತ್ತು. ಹಾಗೆ ಬರೆದ ವಿಮರ್ಶಕ 2019ರಲ್ಲಿ ಕ್ಷಮೆ ಕೇಳಿದ. 16 ವರ್ಷ ಬೇಕಾಯಿತು. ನಾವು ಅಷ್ಟು ದಿನ ಕಾಯುವುದು ಬೇಡ.

ಗಾಯಕಿಗೂ ಎರಡು ಸಾಲು, ಅವರು ಓದುತ್ತಾರೋ ಇಲ್ಲವೋ. ಒಪ್ಪಂದದ ಕಾಗದದಲ್ಲಿ ಏನಿರುತ್ತದೆ ಎಂದು ನಾನೂ ಸ್ವಲ್ಪ ತಿಳಿದುಕೊಂಡೆ. ಮುಂಗಡ ಎಂದು ಕೊಡುವ ಹಣ ಸಂಬಳವಲ್ಲ, ಸಾಲದ ತಮ್ಮ. ಸ್ಟುಡಿಯೋ ಬಾಡಿಗೆ, ನಿರ್ಮಾಪಕರ ಫೀಸು, ವಿಡಿಯೋ ಖರ್ಚು, ಇದರಲ್ಲಿ ಬಹಳಷ್ಟು ಗಾಯಕರ ಲೆಕ್ಕಕ್ಕೇ ಬರೆದುಕೊಂಡು, ಅದು ತೀರುವವರೆಗೆ ರಾಯಲ್ಟಿ ಕೈಗೆ ಬರುವುದಿಲ್ಲ. ಹಾಗೆ ಸಾಲ ತಲೆ ಮೇಲಿರುವಾಗ 7 ಜನ ಇರುವ ಕೋಣೆಯಲ್ಲಿ ನಿಂತು ‘ನನ್ನ ಅಪ್ಪನ ಸೈಕಲ್ ತೆಗೆಯಬೇಡಿ’ ಅನ್ನುವುದು ಸುಲಭವಲ್ಲ. ಅಥವಾ ನಾನೇ ತಪ್ಪಿರಬಹುದು. ತೆಗೆಯಿರಿ ಎಂದು ನೀವೇ ಹೇಳಿರಬಹುದು. 5 ವರ್ಷ ಊರೂರು ತಿರುಗಿ ಅದೇ ದುಃಖವನ್ನು ಹಾಡಿ ಹಾಡಿ ಸಾಕಾಗಿರಬಹುದು. ಹಾಗಿದ್ದರೆ ನನ್ನದೇನೂ ಮಾತಿಲ್ಲ. ಅಪ್ಪ ನಿಮ್ಮವರು.

ಕಂಪನಿಯವರೇ, ನಿಮ್ಮ ಹತ್ತಿರ ನಾನು ಕೇಳುವುದು ದೊಡ್ಡದೇನಲ್ಲ. ಆಲ್ಬಂ ವಾಪಸ್ ತಗೊಳ್ಳಿ ಅನ್ನುವುದಿಲ್ಲ. ನನ್ನ ಅಕ್ಕನ ಮಗಳಿಗೆ 11 ವರ್ಷ, ಅವಳಿಗೆ ಈ ಆಲ್ಬಂ ಅಂದರೆ ಪ್ರಾಣ. ಏಳನೇ ಹಾಡಿಗೆ ಅವಳ ಗೆಳತಿಯರೆಲ್ಲ ಸೇರಿ ಒಂದು ಕುಣಿತವನ್ನೇ ಕಟ್ಟಿದ್ದಾರೆ. ಅವಳ ಖುಷಿ ನನ್ನ ಬೇಜಾರಿಗಿಂತ ಕಡಿಮೆಯದು ಎಂದು ನಾನು ಹೇಗೆ ಹೇಳಲಿ? ಆಲ್ಬಂ ಇರಲಿ. ನಾನು ಕೇಳುವುದು ಹಳೆಯ 6 ಹಾಡು. ಆಲ್ಬಂ ಬರುವುದಕ್ಕೆ 3 ವಾರ ಮುಂಚೆ ಅವನ್ನು ಎಲ್ಲ ಆ್ಯಪ್‌ಗಳಿಂದಲೂ ತೆಗೆದಿರಿ. ಹೊಸ ರೂಪ ಬರುವಾಗ ಹಳೆಯದು ಅಡ್ಡ ಬರಬಾರದು ಎಂದಿರಬೇಕು. ನಮ್ಮ ಪಟ್ಟಿಗಳಲ್ಲಿ ಆ ಹಾಡುಗಳ ಹೆಸರು ಇನ್ನೂ ಇದೆ, ಬೂದಿ ಬಣ್ಣದಲ್ಲಿ. ಒತ್ತಿದರೆ ಏನೂ ಕೇಳುವುದಿಲ್ಲ. ಅವನ್ನು ವಾಪಸ್ ಹಾಕಿ. ಒರೆಸಬೇಡಿ, ಜೋರು ಮಾಡಬೇಡಿ, ಇದ್ದ ಹಾಗೇ ಹಾಕಿ. ಖರ್ಚೂ ಇಲ್ಲ.

ನನ್ನ ಹತ್ತಿರ ಒಂದು ಹಳೇ ಫೋನ್ ಇದೆ. ಸ್ಕ್ರೀನ್ ಒಡೆದಿದೆ, ಚಾರ್ಜರ್ ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಹತ್ತುತ್ತದೆ. ಅದರ ಆ್ಯಪ್‌ನಲ್ಲಿ ಯಾವತ್ತೋ ಇಳಿಸಿಟ್ಟ ಆ ಹಾಡು, ನೆಟ್ ಹಾಕದೆ ಇಟ್ಟಿದ್ದರಿಂದ ಇನ್ನೂ ಉಳಿದುಕೊಂಡಿದೆ. ನೆಟ್ ಹಾಕಿದ ದಿನ ಅದೂ ಹೋಗುತ್ತದೆ. ಮೊನ್ನೆ ಅಕ್ಕನ ಮಗಳು ಬಂದಾಗ ‘ನಿನ್ನ ಕುಣಿತದ ಹಾಡಿನ ಅಜ್ಜಿ ಇದು’ ಎಂದು ಅದನ್ನು ಹಾಕಿದೆ. ಗಿಟಾರ್ ಶುರುವಾಗಿ 20 ಸೆಕೆಂಡ್‌ಗೇ, “ಮಾಮ, ಯಾವಾಗ ಹಾಡ್ತಾರೆ?” ಅಂದಳು. ಉಸಿರಿನ ಜಾಗ ಬಂದಾಗ “ಇವರಿಗೆ ನೆಗಡಿ ಆಗಿತ್ತಾ?” ಅಂತ ಕೇಳಿದಳು. ನನಗೆ ನಗು ಬಂತು. ಇಷ್ಟು ವರ್ಷ ನಾನು ಅಳು ಅಂದುಕೊಂಡದ್ದು ನೆಗಡಿಯೇ ಇದ್ದರೂ ಇರಬಹುದು.

ಹಾಡು ಮುಗಿಯಿತು. ಅವಳು ಏನೂ ಹೇಳಲಿಲ್ಲ. ಊಟ ಮಾಡಿದಳು, ಟಿವಿ ನೋಡಿದಳು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, “ಮಾಮ, ಆ ಹುಡುಗನಿಗೆ ಆಮೇಲೆ ಕಾಲು ಎಟುಕಿತಾ?” ಅಂದಳು.

ಗೊತ್ತಿಲ್ಲ ಕಣೇ, ಹಾಡು ಅಲ್ಲಿಗೇ ಮುಗಿಯುತ್ತೆ ಅಂದೆ. ಮನೆಗೆ ಹೋಗಿ ಮತ್ತೆ ಕೇಳ್ತೀನಿ, ಲಿಂಕ್ ಕಳಿಸು ಅಂದಳು. ನಿನ್ನೆಯಿಂದ ಮೂರು ಸಲ ಮೆಸೇಜ್ ಮಾಡಿದ್ದಾಳೆ.

ಎಲ್ಲಿಂದ ಕಳಿಸಲಿ, ಹೇಳಿ.

ಇಂತಿ,
ಒಬ್ಬ ಕೇಳುಗ